ನಾನೂರು ಕಂದು ಕಣ್ಣುಗಳಲ್ಲಿ ಒಂದು

ಸೋಮವಾರ ಬೆಳಿಗ್ಗೆ ತಾಯಿ ಮತ್ತು ಮಗಳು ಮುಂಬಯಿ ಸಾಂತಾಕ್ರೂಜ್‌ನ ನನ್ನ ಕೋಣೆಗೆ ಬಂದು ಕೂತಾಗ ನಾನು ಆಡಿದ ಮೊದಲ ಮಾತೇ ಸುಳ್ಳಾಯಿತು. "ಚಿಂತೆ ಮಾಡಬೇಡಿ, ಅವಳ ಕಣ್ಣಿನ ಫೋಟೋ ನನ್ನ ಹತ್ತಿರ ಇದೆ" ಎಂದೆ. ಇದೆಯೋ ಇಲ್ಲವೋ ಎಂದು ಒಮ್ಮೆ ತೆರೆದು ನೋಡುವಷ್ಟೂ ವ್ಯವಧಾನ ನನಗಿರಲಿಲ್ಲ. ಧೈರ್ಯ ಹೇಳುವುದರಲ್ಲಿ ನಾನು ಯಾವಾಗಲೂ ಮುಂದು.

ನಾನು ಕೃತಕ ಕಣ್ಣು ಮಾಡುವವಳು. ಜನ ಅದನ್ನು ಗೋಲಿಯಂಥ ವಸ್ತು ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಅಕ್ರಿಲಿಕ್‌ನ ಬಾಗಿದ ಚಿಪ್ಪು, ರೆಪ್ಪೆಗಳ ಹಿಂದೆ ಕೂರುತ್ತದೆ. ಕಣ್ಣಿನ ಗುಳಿಯ ಅಚ್ಚು ತೆಗೆಯುವುದು, ಮೇಣದಲ್ಲಿ ಆಕಾರ ತಿದ್ದುವುದು, ಬಿಸಿನೀರಿನಲ್ಲಿಟ್ಟು ಗಟ್ಟಿ ಮಾಡುವುದು, ಉಜ್ಜಿ ಹೊಳಪು ಕೊಡುವುದು, ಇವೆಲ್ಲ ಕಲಿತರೆ ಬರುವ ಕೆಲಸಗಳು. ಕಷ್ಟವಿರುವುದು ನಡುವಿನ ಬಿಲ್ಲೆಯಲ್ಲಿ. ಅಂಗಿಯ ಗುಂಡಿಯಷ್ಟು ಅಗಲದ ಕಪ್ಪು ಬಿಲ್ಲೆಯ ಮೇಲೆ, ಎದುರಿಗೆ ಕೂತವರ ಇನ್ನೊಂದು ಕಣ್ಣನ್ನು ನೋಡುತ್ತಾ, ಪದರ ಪದರವಾಗಿ ಅದೇ ಬಣ್ಣವನ್ನು ಇಳಿಸಬೇಕು. ನೋಡಿಕೊಂಡು ಬರೆಯಲು ಆ ಇನ್ನೊಂದು ಕಣ್ಣು ಬೇಕೇ ಬೇಕು.

ಈ ಹುಡುಗಿಗೆ ಆ ಇನ್ನೊಂದು ಕಣ್ಣು ಈಗ ಇರಲಿಲ್ಲ. ಮೂರು ವರ್ಷದವಳಿದ್ದಾಗ ರೋಗದಿಂದ ಎಡಗಣ್ಣು ಹೋಗಿತ್ತು. ಅಂದಿನಿಂದ ಅವಳು ಬೆಳೆದಂತೆಲ್ಲ ನಾನೇ ನಾಲ್ಕು ಬಾರಿ ಎಡಗಣ್ಣು ಮಾಡಿಕೊಟ್ಟಿದ್ದೆ, ನಾಲ್ಕು ಬಾರಿಯೂ ಬಲಗಣ್ಣನ್ನು ನೋಡಿಕೊಂಡು. ಹದಿನೇಳು ತುಂಬುವ ಹೊತ್ತಿಗೆ ಬಲಗಣ್ಣಿನ ಒತ್ತಡ ಏರಿ, ದೃಷ್ಟಿ ಹೋಗಿ, ನೋವು ತಡೆಯಲಾರದೆ ಅದನ್ನೂ ತೆಗೆಯಬೇಕಾಯಿತು. ಈಗ ಅವಳು ಕಪ್ಪು ಕನ್ನಡಕ ಹಾಕಿಕೊಂಡು, ಮಡಿಚಿದ ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನೆದುರು ಕೂತಿದ್ದಳು. ಎರಡೂ ಕಣ್ಣು ಮಾಡಬೇಕಿತ್ತು.

ಹಳೆಯ ಎಡಗಣ್ಣನ್ನೇ ನೋಡಿಕೊಂಡು ಮಾಡೋಣವೆಂದು ಅದನ್ನು ಕೇಳಿದೆ. ತಾಯಿ ಇಲ್ಲವೆಂದು ತಲೆಯಾಡಿಸಿದರು. ಅವರು ವಿಜಯಪುರದ ಕಡೆಯವರು. ಗಂಡ ಜೋಗೇಶ್ವರಿಯ ಒಂದು ಗಾಲಾದಲ್ಲಿ, ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ರಿಕ್ಷಾ ಸೀಟು ಹೊಲಿಯುತ್ತಾರೆ.

"ಆಪರೇಶನ್‌ಗೆ ಒಯ್ಯೋಮುಂದ ನರ್ಸ್‌ಬಾಯಿ ಅದನ್ನ ತಗದು ಬಟ್ಟಲದಾಗ ನೀರ ಹಾಕಿ ಇಟ್ಟಿದ್ರ್ರಿ ಅಕ್ಕಾರ. ಸಂಜೀಕ ನೋಡಿದ್ರ ಬಟ್ಟಲಾ ತೊಳದು ಬೋರಲ ಹಾಕಿದ್ರು."

"ಅದಕ್ಕೂ ಹಿಂದಿನವು? ಚಿಕ್ಕವಳಿದ್ದಾಗಿನವು?"

"ಅವನ್ನ ನಮ್ಮತ್ತಿ ಊರಿಗೆ ಒಯ್ದು ಮಣ್ಣ ಮಾಡ್ಯಾಳ್ರಿ. ಉಗುರು ಕೂದಲಾ ಹೆಂಗ ಮಣ್ಣಾಗ ಇಡ್ತೀವಿ, ಹಂಗ. ಮೈಮ್ಯಾಲಿದ್ದ ವಸ್ತು ಅಲ್ಲೇನ್ರಿ?"

ಆಸ್ಪತ್ರೆಯ ಫೋಟೋಗಳಲ್ಲಿದ್ದದ್ದು ರೋಗ ಹಿಡಿದ ಕಣ್ಣು, ಮೇಲೆ ಹಾಲು ಕವಿದ ಹಾಗೆ. ಮನೆಯ ಮೊಬೈಲಿನಲ್ಲಿ ಅವಳ ಚಿತ್ರಗಳು ಬೇಕಾದಷ್ಟಿದ್ದವು, ಆದರೆ ಎಲ್ಲದರಲ್ಲೂ ಬಣ್ಣದ ಕನ್ನಡಕ. ಎಡಗಣ್ಣು ಯಾರಿಗೂ ಗೊತ್ತಾಗದಿರಲಿ ಎಂದು ಹಾಕಿಕೊಳ್ಳುತ್ತಿದ್ದಳಂತೆ. ಹಾಗಾಗಿ ಆ ಬಲಗಣ್ಣು ಚೆನ್ನಾಗಿದ್ದಾಗ ಹೇಗಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ನನ್ನ ನಾಲ್ಕು ಫೋಟೋಗಳು ಮಾತ್ರ.

ಮೂರು ವಾರದಲ್ಲಿ ಅವಳು ಕಣ್ಣಿಲ್ಲದವರ ತರಬೇತಿ ಕೇಂದ್ರಕ್ಕೆ ಸೇರಬೇಕಿತ್ತು. ಕಂಪ್ಯೂಟರ್ ಮತ್ತು ಟೆಲಿಫೋನ್ ಕೆಲಸ ಕಲಿಸುತ್ತಾರೆ, ಅಲ್ಲೇ ವಾಸ. ಸೀಟು ಸಿಕ್ಕಿದ್ದೇ ಪುಣ್ಯ ಎಂದು ತಾಯಿ ಹೇಳುತ್ತಿದ್ದಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ತಡವರಿಸಿ ಆಡುತ್ತಾಳೆ.

"ಹಿಂಗ ನಾ ಹೋಗಾಂಗಿಲ್ಲ ಆಂಟಿ. ಬಿಲ್‌ಕುಲ್ ನೈ. ಯಾರದೋ ಬಜಾರ್ ಕಣ್ಣು ಹಾಕ್ಕೊಂಡೂ ಹೋಗಾಂಗಿಲ್ಲ. ನಂದು ಬೇಕು."

"ನಿಂದೇ ಕೊಡ್ತೀನಿ" ಎಂದು ಮಾತು ಕೊಟ್ಟೆ. ಅಚ್ಚು ತೆಗೆದು ಅವರನ್ನು ಕಳಿಸಿದ ಮೇಲೆ ಫೋಟೋ ಹುಡುಕಲು ಕೂತೆ.

ನನ್ನಲ್ಲಿ ಪ್ರತಿ ರೋಗಿಗೂ ಒಂದು ಕಾರ್ಡು ಇದೆ. ಕಾರ್ಡಿನ ಮೇಲೆ ಒಂದು ನಂಬರು, ಅದರ ಕೆಳಗೆ ಫೋಟೋದ ಲಿಂಕು. ಫೋಟೋಗಳೆಲ್ಲ ಅಂತರ್ಜಾಲದ ಒಂದು ಉಚಿತ ತಾಣದಲ್ಲಿ ಇದ್ದವು. ದೊಡ್ಡ ಗಾತ್ರದಲ್ಲೇ ಇಟ್ಟುಕೊಳ್ಳುತ್ತಿದ್ದರು, ಬಣ್ಣ ಕೆಡಿಸುತ್ತಿರಲಿಲ್ಲ, ಕಾಸು ಕೇಳುತ್ತಿರಲಿಲ್ಲ. ಹದಿನಾಲ್ಕು ವರ್ಷ ನಾನು ಅದನ್ನು ನನ್ನದೇ ಬೀರು ಎಂಬಂತೆ ಬಳಸಿದ್ದೆ. ಆವತ್ತು ಲಿಂಕು ಒತ್ತಿದರೆ ಬೂದು ಬಣ್ಣದ ಒಂದು ಚೌಕ ಕಾಣಿಸಿತು. ಈ ಸೌಲಭ್ಯ ಇನ್ನು ಉಚಿತ ಖಾತೆಗಳಿಗೆ ಇಲ್ಲ ಎಂಬ ಒಂದು ಸಾಲು, ಕೆಳಗೆ ಹಣ ಕಟ್ಟುವ ಗುಂಡಿ.

ಖಾತೆ ತೆರೆಯುವಾಗ ಕೊಟ್ಟಿದ್ದ ಹಳೆಯ ಮೇಲ್ ವಿಳಾಸವನ್ನು ನಾನು ನೋಡದೆ ಎಷ್ಟೋ ಕಾಲವಾಗಿತ್ತು. ಪಾಸ್‌ವರ್ಡ್ ನೆನಪಿಸಿಕೊಂಡು ಒಳಗೆ ಹೋಗಲು ಒಂದು ಗಂಟೆ ಹಿಡಿಯಿತು. ಅಲ್ಲಿ, ಸೀರೆ ಮಾರುವವರ, ಸಾಲ ಕೊಡುವವರ ಮೇಲ್‌ಗಳ ನಡುವೆ, ಆರು ಎಚ್ಚರಿಕೆ ಪತ್ರಗಳು ಬಿದ್ದಿದ್ದವು. ಷರತ್ತು ಬದಲಾಗಿದೆ. ಉಚಿತ ಖಾತೆಯಲ್ಲಿ ಇತ್ತೀಚಿನ ಕೆಲವು ಚಿತ್ರಗಳು ಮಾತ್ರ ಉಳಿಯುತ್ತವೆ. ಹಳೆಯವನ್ನು ಚಿಕ್ಕದು ಮಾಡಿ ಒಂದು ಗಂಟಿನಲ್ಲಿ ಕಟ್ಟಿಡಲಾಗಿದೆ, ಬರುವ ಶನಿವಾರದ ತನಕ ಇಳಿಸಿಕೊಳ್ಳಬಹುದು, ಆಮೇಲೆ ಅಳಿಸಲಾಗುತ್ತದೆ.

ಬೇರೆ ಪ್ರತಿ ಇರಲಿಲ್ಲ. ಹಳೆಯ ಲ್ಯಾಪ್‌ಟಾಪ್ ಕೆಟ್ಟಾಗ ಗುಜರಿಗೆ ಹಾಕಿದ್ದೆ, ಮೊಬೈಲು ಬದಲಾಯಿಸುವಾಗ ಎಲ್ಲ ಅಳಿಸಿ ಕೊಟ್ಟಿದ್ದೆ. ಚಿಪ್ಪು ಕಳೆದುಕೊಂಡು ಬಂದ ರೋಗಿಗಳಿಗೆ ಕಣ್ಣಿನಂಥ ಕಣ್ಣನ್ನು ಜೋಪಾನ ಮಾಡಲಾಗುವುದಿಲ್ಲವೇ ಎಂದು ನಾನು ಬೈಯುವುದುಂಟು. ಆ ಬೈಗುಳವೆಲ್ಲ ಸಾಲಾಗಿ ನೆನಪಿಗೆ ಬಂತು.

ಮಂಗಳವಾರ ಹಣ ಕಟ್ಟಲು ಹೋದೆ. ವಿದೇಶಿ ತಾಣಕ್ಕೆ ತಿಂಗಳು ತಿಂಗಳು ತಾನಾಗಿ ಹಣ ಹೋಗುವ ಒಪ್ಪಿಗೆಯನ್ನು ನನ್ನ ಬ್ಯಾಂಕಿನ ಕಾರ್ಡು ಒಪ್ಪಲಿಲ್ಲ. ಗಂಡನ ಕಾರ್ಡು ಒಪ್ಪಿತು. ಹಣ ಹೋಯಿತು, ಬೂದು ಚೌಕವೂ ಹೋಯಿತು, ಅದರ ಜಾಗದಲ್ಲಿ ಚಿತ್ರ ಲಭ್ಯವಿಲ್ಲ ಎಂದು ಬಂತು. ಇನ್ನು ಮುಂದೆ ಹಾಕುವ ಚಿತ್ರಗಳು ದೊಡ್ಡದಾಗಿ ಉಳಿಯುತ್ತವೆ, ಈಗಾಗಲೇ ಚಿಕ್ಕದು ಮಾಡಿ ಗಂಟು ಕಟ್ಟಿದ್ದನ್ನು ಹಿಂದಕ್ಕೆ ತರಲಾಗದು ಎಂದು ಸಹಾಯ ವಿಭಾಗದಿಂದ ಉತ್ತರ ಬಂತು. ನಾನು ಒಂದು ಹುಡುಗಿಯ ಕಥೆಯನ್ನು ಬಿಡಿಸಿ ಬರೆದೆ. ನನ್ನ ತಾಳ್ಮೆಗೆ ಧನ್ಯವಾದ ಹೇಳಿ ಅದೇ ಉತ್ತರ ಇನ್ನೊಮ್ಮೆ ಬಂತು. ಮನುಷ್ಯರು ಬರೆದದ್ದಲ್ಲ ಎಂದು ಗೊತ್ತಿದ್ದೂ ಮೂರನೇ ಸಲ ಬರೆದೆ. ಅಷ್ಟು ಹತಾಶಳಾಗಿದ್ದೆ.

ಉಳಿದದ್ದು ಆ ಗಂಟು. ಕೋಣೆಯ ಇಂಟರ್ನೆಟ್ಟಿನಲ್ಲಿ ಅದು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಸೊನ್ನೆಯಿಂದ ಶುರು. ಹಾಗಾದರೆ ನನ್ನ ಯಂತ್ರಕ್ಕೆ ಇಳಿಸುವುದೇ ಬೇಡ, ನೇರವಾಗಿ ಬೇರೊಂದು ತಾಣಕ್ಕೆ ಸಾಗಿಸೋಣ ಎಂದು ಹೊರಟೆ. ಪರೀಕ್ಷೆಗೆಂದು ಆ ವಾರದ ಒಂದಷ್ಟು ಹೊಸ ಫೋಟೋಗಳನ್ನು ಮೊದಲು ಕಳಿಸಿದೆ. ಒಂದು ತಾಣ ಅವನ್ನು ಇನ್ನಷ್ಟು ಹಿಸುಕಿ, ಕಣ್ಣಿನ ಎಳೆಗಳನ್ನೆಲ್ಲ ಒರೆಸಿಹಾಕಿತು. ಇನ್ನೊಂದರಲ್ಲಿ ಗಾತ್ರ ಉಳಿಯಿತು, ಆದರೆ ಚಿತ್ರದೊಳಗಿನ ಬಣ್ಣದ ಮಾಹಿತಿಯನ್ನು ಅದು ಕಿತ್ತುಹಾಕುತ್ತಿತ್ತು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಂದು ಬಣ್ಣವೆಲ್ಲ ಇಟ್ಟಿಗೆ ಕೆಂಪಿಗೆ ತಿರುಗಿತ್ತು. ಬೇರೆಯವರಿಗೆ ಅದು ಗೊತ್ತೂ ಆಗದು. ನನಗೆ ಅದು ಬೇರೆ ಮನುಷ್ಯನ ಕಣ್ಣು. ಮೂರನೆಯ ತಾಣ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಖುಷಿಯಿಂದ ಅಚ್ಚಿನ, ಗುಳಿಯ ಚಿತ್ರಗಳನ್ನೂ ಹಾಕಿದೆ. ಖಾಲಿ ಗುಳಿಯ ಫೋಟೋ ಕಂಡೊಡನೆ, ಹಿಂಸೆಯ ಚಿತ್ರ ಹಾಕಿದ್ದೀರಿ ಎಂದು ಖಾತೆಗೇ ಬೀಗ ಜಡಿದರು. ಮಂಗಳವಾರ ಹಾಗೆ ಮುಗಿಯಿತು.

ಬುಧವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹತ್ತಿ ಜೋಗೇಶ್ವರಿಗೆ ಹೋದೆ. ಅಲ್ಲಿ ನನಗೆ ಗೊತ್ತಿದ್ದ ಕಂಪ್ಯೂಟರ್ ರಿಪೇರಿಯವರೊಬ್ಬರಿದ್ದಾರೆ. ಮಂಗಳೂರಿನ ಕಡೆಯವರು, ನಡುವಯಸ್ಸಿನವರು, ಯಾವುದಕ್ಕೂ ಗಡಿಬಿಡಿ ಮಾಡದವರು. ಅವರ ಅಂಗಡಿಯ ವೇಗದ ಲೈನಿನಲ್ಲಿ ಗಂಟು ಊಟದ ಹೊತ್ತಿಗೆ ಪೂರ್ತಿ ಇಳಿಯಿತು. ನಾನು ಕೈ ಮುಗಿಯುವುದರಲ್ಲಿದ್ದೆ.

"ಮೇಡಂ, ಇದರಲ್ಲಿ ಹೆಸರೇ ಇಲ್ಲ ಮಾರಾಯ್ರೆ" ಎಂದರು ಅವರು.

ನಾನು ಫೋಟೋಗಳಿಗೆ ರೋಗಿಯ ನಂಬರನ್ನೇ ಹೆಸರಾಗಿ ಕೊಟ್ಟಿದ್ದೆ. ಗಂಟು ಕಟ್ಟುವಾಗ ತಾಣದವರು ಪ್ರತಿಯೊಂದಕ್ಕೂ ಅಕ್ಷರ ಅಂಕಿಗಳ ಒಂದು ಉದ್ದ ಸರವನ್ನು ಹೆಸರಾಗಿ ಇಟ್ಟಿದ್ದರು.

"ತೆಗೆದ ತಾರೀಕು?"

"ಅದೂ ಹೋಗಿದೆ. ಒಳಗೆ ಇದ್ದದ್ದನ್ನೆಲ್ಲ ಒರೆಸಿ ಕೊಟ್ಟಿದ್ದಾರೆ. ಮುಖ ನೋಡಿ ಗುರುತು ಹಿಡಿಯಬಹುದಲ್ಲ?"

ಮುಖಗಳು ಇರಲಿಲ್ಲ. ಇದು ಯಾವ ತಾಣದ ತಪ್ಪೂ ಅಲ್ಲ, ನನ್ನದು. ಹದಿನಾಲ್ಕು ವರ್ಷದ ಹಿಂದೆ ಇದೇ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದ ಇದೇ ತಾಯಿ, "ಫೋಟೋದಾಗ ಮಾರಿ ಬರಬಾರದ್ರಿ ಅಕ್ಕಾರ, ಹೆಣ್ಣ ಹುಡುಗಿ" ಎಂದು ಕೇಳಿಕೊಂಡಿದ್ದರು. ಸರಿಯಾದ ಮಾತು ಎನಿಸಿತ್ತು. ಅಂದಿನಿಂದ ಯಾರ ಮುಖವನ್ನೂ ತೆಗೆಯಲಿಲ್ಲ. ಕಣ್ಣೊಂದನ್ನೇ, ಹುಬ್ಬು ಕೂಡ ಬಾರದ ಹಾಗೆ ಹತ್ತಿರದಿಂದ. ಚೌಕಟ್ಟಿನೊಳಗೆ ಒಂದು ನಂಬರಿನ ಚೀಟಿ ಇಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಎಲ್ಲರ ಮಾನವನ್ನೂ ಕಾಪಾಡುತ್ತಿದ್ದೇನೆಂದು ಒಳಗೊಳಗೆ ಹೆಮ್ಮೆ ಬೇರೆ. ಈಗ ಪರದೆಯ ತುಂಬ ಊರು ಹೆಸರಿಲ್ಲದ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಗುಳಿಯ ಚಿತ್ರ, ಅಚ್ಚಿನ ಚಿತ್ರ, ಮೇಣದ ಚಿತ್ರ ಎಲ್ಲ ತೆಗೆದುಹಾಕಿದ ಮೇಲೆ ಹತ್ತಿರ ಹತ್ತಿರ ನಾನೂರು ಕಣ್ಣುಗಳು ಉಳಿದವು. ನಮ್ಮ ಜನರ ಕಣ್ಣು, ಎಲ್ಲವೂ ಕಂದು. ಅವಳ ಬಲಗಣ್ಣನ್ನು ನಾನು ನಾಲ್ಕು ಸಲ ಗಂಟೆಗಟ್ಟಲೆ ನೋಡಿದ್ದೆ, ನೋಡಿದ ಕೂಡಲೇ ಗುರುತು ಸಿಗುತ್ತದೆ ಎಂದುಕೊಂಡೆ. ಮೊದಲ ಇಪ್ಪತ್ತರಲ್ಲಿ ಆರು ಅವಳದೇ ಅನ್ನಿಸಿದವು. ನೂರು ದಾಟುವ ಹೊತ್ತಿಗೆ ಯಾವುದೂ ಅವಳದಲ್ಲ ಅನ್ನಿಸಿತು. ಅಂದು ಬರುವಾಗ ಲೋಕಲ್‌ನಲ್ಲಿ ಎದುರು ಕೂತವರ ಕಣ್ಣನ್ನೆಲ್ಲ ದಿಟ್ಟಿಸಿ ನೋಡಿ ಒಬ್ಬಾಕೆಯಿಂದ ಬೈಸಿಕೊಂಡೆ.

ಗುರುವಾರ ತಾಯಿ ಮಗಳನ್ನು ಮತ್ತೆ ಕರೆಸಿದೆ. ನಮ್ಮ ಕೆಲಸದಲ್ಲಿ ಕೊನೆಯ ಮಾತು ತಾಯಿಯದು. ಮಕ್ಕಳ ಕಣ್ಣು ಮಾಡುವಾಗ ಬಿಲ್ಲೆಯನ್ನು ಮೊದಲು ತೋರಿಸುವುದು ತಾಯಿಗೆ, ಆಕೆ ಹೂಂ ಎಂದ ಮೇಲೆ ಮುಂದಿನ ಪದರ. ನನ್ನ ಗುರುಗಳು ಫೋರ್ಟ್ ಪ್ರದೇಶದ ತಮ್ಮ ಅಂಗಡಿಯಲ್ಲಿ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದಿದ್ದೆ. ಹಾಗಾಗಿ ನಡೆದದ್ದನ್ನು ಮುಚ್ಚಿಡದೆ ಹೇಳಿ, ಲ್ಯಾಪ್‌ಟಾಪನ್ನು ತಾಯಿಯ ಮುಂದೆ ತಿರುಗಿಸಿದೆ.

ಅವರು ನೋಡಿದರು. ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಒಂದೊಂದಕ್ಕೂ "ಇದs ಏನೋ" ಎನ್ನುವರು, ಮುಂದಿನದು ಬಂದರೆ "ಅಲ್ಲ, ಇದು" ಎನ್ನುವರು. ಅರವತ್ತು ಎಪ್ಪತ್ತು ಆಗುವ ಹೊತ್ತಿಗೆ ನನ್ನ ಸಹನೆ ಹರಿಯಿತು.

"ಏನಮ್ಮಾ, ಇಷ್ಟು ವರ್ಷ ಸಾಕಿದ ಮಗಳು. ಅವಳ ಕಣ್ಣು ನಿಮಗೇ ಗೊತ್ತಾಗಲ್ವಾ?"

ಅವರು ತಟ್ಟನೆ ಅತ್ತುಬಿಟ್ಟರು. "ನಾ ಈ ಹದಿನಾಲ್ಕ ವರ್ಷ ನೀವು ಮಾಡಿಕೊಟ್ಟ ಕಣ್ಣs ನೋಡ್ಕೋತ ಬಂದೀನ್ರಿ ಅಕ್ಕಾರ. ನೆಟ್ಟಗ ಕುಂತದೋ ಇಲ್ಲೋ, ಕೀವ ಬಂದದೋ ಏನೋ, ಮಂದಿಗಿ ಗೊತ್ತಾಕ್ಕದೋ ಏನೋ, ಅದs ನೋಡಿದ್ದು. ಛಲೋ ಇದ್ದ ಕಣ್ಣ ಯಾರ ನೋಡ್ತಾರ್ರಿ?"

ನನಗೆ ನಾಚಿಕೆಯಾಯಿತು. ಅವರ ಮುಂದೆ ನೀರಿನ ಲೋಟ ಇಟ್ಟೆ. ಮೇಲೆ ಒಂದು ವಿಮಾನ ಹೋಯಿತು. ಅದರ ಸದ್ದು ಅಡಗುವ ತನಕ ಇಲ್ಲಿ ಯಾರೂ ಮಾತಾಡುವುದಿಲ್ಲ. ಸದ್ದು ಅಡಗಿದ ಮೇಲೆ ಮೂಲೆಯ ಸ್ಟೂಲಿನಿಂದ ಹುಡುಗಿ ಹೇಳಿದಳು:

"ಆಂಟಿ, ನನ್ನನ್ನ ಕೇಳ್ರಿ. ನಾ ನೋಡೀನಿ."

ಅವಳು ನೋಡಿರುತ್ತಾಳೆ ಎಂಬುದು ಅಲ್ಲಿಯ ತನಕ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹದಿನಾಲ್ಕು ವರ್ಷ ಅವಳ ತಲೆಯ ಮೇಲಿಂದಲೇ ನಾನು ಮತ್ತು ಅವಳ ತಾಯಿ ಮಾತಾಡಿಕೊಂಡಿದ್ದೆವು. ಮೂರು ವರ್ಷದ ಮಗುವನ್ನು ಕೇಳದೆ ಇದ್ದದ್ದು ಸರಿ, ಹನ್ನೆರಡು ವರ್ಷದವಳನ್ನೂ ಕೇಳಿರಲಿಲ್ಲ.

"ಎಲ್ಲಿ ನೋಡಿದೆ?"

"ಕನ್ನಡಿಯಾಗ. ಡೈಲಿ. ಕಾಲೇಜಿಗೆ ಹೋಗೋ ಮುಂಚೆ ಎರಡೂ ಹತ್ತಿರದಿಂದ ನೋಡ್ತಿದ್ದೆ."

ಅಲ್ಲಿಂದ ಕೆಲಸದ ದಾರಿ ಬದಲಾಯಿತು. ಫೋಟೋವನ್ನು ಹಿಡಿದು ಕಣ್ಣು ಹುಡುಕುವುದನ್ನು ಬಿಟ್ಟು, ಅವಳ ಮಾತನ್ನು ಹಿಡಿದು ಫೋಟೋ ಹುಡುಕಲು ತೀರ್ಮಾನಿಸಿದೆ. ಒಂದು ಹಾಳೆ ತೆಗೆದುಕೊಂಡು ದೊಡ್ಡ ವೃತ್ತ ಬರೆದು, ಅವಳನ್ನು ಒಂದೊಂದೇ ಕೇಳಿದೆ. ಕಪ್ಪು ಬೊಟ್ಟಿನ ಸುತ್ತ ಏನಿದೆ?

"ಒಂದು ರಿಂಗ್ ಐತಿ. ಗೋಲ್ ಇಲ್ಲ, ಟೇಢಾ-ಮೇಢಾ. ಅದರ ಒಳಗ ಲೈಟ್, ಹೊರಗ ಡಾರ್ಕ್."

"ಡಾರ್ಕ್ ಅಂದ್ರೆ ಎಷ್ಟು ಡಾರ್ಕು?"

"ಹಾಲು ಹಾಕದ ಚಾ, ಗ್ಲಾಸ್ ಎತ್ತಿ ಬೆಳಕಿಗೆ ಹಿಡಿದ್ರ, ಆ ಥರ. ಬಾರ್ಡರ್ ಕಾಲಾ ಇಲ್ಲ. ಪೆನ್ಸಿಲ್ ಗೆರಿ ಬೆರಳಿಂದ ಒರೆಸಿದ ಥರ."

"ಬೇರೆ ಗುರುತು ಏನಾದ್ರೂ?"

"ಒಂದು ಚುಕ್ಕಿ ಐತಿ. ಸಾಸವಿ ಅಷ್ಟು. ಬಲಕ್ಕ, ಸ್ವಲ್ಪ ಕೆಳಗ."

ಇಷ್ಟು ಸಿಕ್ಕರೆ ಇನ್ನೇನು ಬೇಕು. ಮೂಗಿನ ಕಡೆಯ ಕೆಂಪು ಮೂಲೆಯನ್ನು ನೋಡಿ ಎಡಗಣ್ಣುಗಳನ್ನೆಲ್ಲ ಬೇರೆ ಮಾಡಿದೆ. ಇನ್ನೂರರಷ್ಟು ಉಳಿದವು. ಅಂಚು ಗಾಢ ಕಪ್ಪಗಿದ್ದವನ್ನು ತೆಗೆದೆ. ಒಳಗಿನ ಉಂಗುರ ನೀಟಾಗಿದ್ದವನ್ನು ತೆಗೆದೆ. ಬಲಗಡೆ ಕೆಳಗೆ ಚುಕ್ಕಿ ಇಲ್ಲದವನ್ನು ತೆಗೆದೆ. ಊಟ ಬಿಟ್ಟು ಮೂರು ಜನ ಮಧ್ಯಾಹ್ನ ಕಳೆದೆವು. ಕೊನೆಗೆ ಎರಡು ಉಳಿದವು. ಒಂದು ವಯಸ್ಸಾದವರ ಕಣ್ಣು, ಅಂಚಿನಲ್ಲಿ ಬಿಳಿ ಬಂದಿತ್ತು. ಇನ್ನೊಂದರ ಚುಕ್ಕಿ ದೊಡ್ಡದು ಮಾಡಿ ನೋಡಿದರೆ ರೆಪ್ಪೆಗೂದಲಿನ ನೆರಳು. ಅಂದರೆ ಒಂದೂ ಇಲ್ಲ.

"ನಿನಗೆ ಸರಿಯಾಗಿ ನೆನಪಿದೆಯಾ?" ಎಂದು ಕೇಳಿದೆ. ಕೇಳಬಾರದಿತ್ತು. ಅವಳು ಕೋಲನ್ನು ಬಿಡಿಸಿ ಎದ್ದು ನಿಂತಳು. ಅವರು ಹೋದ ಮೇಲೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅವಳ ಕಣ್ಣು ನನ್ನಿಂದಾಗಿ ಎರಡನೇ ಸಲ ಹೋಯಿತು ಎನ್ನಿಸಿತು. ಗಂಟಿನಲ್ಲಿ ಅವಳ ಚಿತ್ರಗಳು ಬಂದೇ ಇಲ್ಲವೇನೋ ಎಂಬ ಭಯದಿಂದ ಸಂಜೆಯೊಳಗೆ ಇನ್ನೊಮ್ಮೆ ರಿಪೇರಿಯವರಿಗೆ ಫೋನು ಮಾಡಿ ಪೂರಾ ಗಂಟನ್ನು ಎರಡನೇ ಬಾರಿ ಇಳಿಸಿ ನೋಡಿಸಿದೆ. ಮೊದಲು ಬಂದಿದ್ದಷ್ಟೇ ಬಂತು.

ಶುಕ್ರವಾರ ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಾ ಕನ್ನಡಿಯ ಮುಂದೆ ನಿಂತಿದ್ದೆ. ಬಲಗಡೆಯ ನನ್ನ ಮೂಗುಬೊಟ್ಟು ಕನ್ನಡಿಯಲ್ಲಿ ಬಲಗಡೆಗೇ ಹೊಳೆಯುತ್ತಿತ್ತು. ಚೀಲದಲ್ಲಿದ್ದ ರೈಲ್ವೆ ಪಾಸಿನ ಫೋಟೋ ತೆಗೆದು ನೋಡಿದೆ. ಅದರಲ್ಲಿ ಮೂಗುಬೊಟ್ಟು ಎಡಗಡೆ. ಅವಳು ಕಣ್ಣು ನೋಡಿಕೊಂಡದ್ದು ಕನ್ನಡಿಯಲ್ಲಿ. ನಾನು ಹುಡುಕಿದ್ದು ಎದುರಿನಿಂದ ತೆಗೆದ ಫೋಟೋದಲ್ಲಿ. ಮೂಗಿನ ಕಡೆಗೋ ಕಿವಿಯ ಕಡೆಗೋ ಎಂಬ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಇಷ್ಟು ವರ್ಷ ಎಡಗಣ್ಣಿಗೆ ಬಲಗಣ್ಣನ್ನು ತಿರುಗಿಸಿ ಬರೆದ ನನಗೇ ಅದು ಹೊಳೆಯಲಿಲ್ಲ. ಹಾಲು ಒಲೆಯ ಮೇಲಿತ್ತು, ಒಲೆ ಆರಿಸಿದ್ದು ಮಾತ್ರ ನೆನಪಿದೆ, ಕುಡಿದದ್ದಿಲ್ಲ.

ಹಿಂದಿನ ದಿನ ತೆಗೆದುಹಾಕಿದ್ದ ರಾಶಿಯಲ್ಲಿ, ಎಡಗಡೆ ಕೆಳಗೆ ಸಾಸಿವೆಯಷ್ಟು ಚುಕ್ಕಿ ಇದ್ದ ಕಣ್ಣುಗಳು ನಾಲ್ಕು ಸಿಕ್ಕವು. ನಾಲ್ಕರಲ್ಲೂ ಅದೇ ಓರೆಕೋರೆ ಉಂಗುರ, ಅದೇ ಒರೆಸಿದ ಅಂಚು. ಒಂದರಲ್ಲಿ ಮಗುವಿನ ಎಳೆಯ ರೆಪ್ಪೆ, ಕೊನೆಯದರಲ್ಲಿ ಸುರ್ಮಾದ ಸಣ್ಣ ಗೆರೆ. ನಾಲ್ಕು ಬೇರೆ ಬೇರೆ ವಯಸ್ಸಿನ ಒಂದೇ ಕಣ್ಣು. ನಾನು ಕುರ್ಚಿಯಿಂದೆದ್ದು ಕೋಣೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ. ಆಮೇಲೆ ಹುಡುಗಿಗೆ ಫೋನು ಮಾಡಿ, "ನೀನು ಹೇಳಿದ್ದೇ ಸರಿ, ತಪ್ಪು ನಂದು" ಎಂದೆ. "ಸಿಕ್ತಾ?" ಎಂದು ಕೇಳಿದಳು. ಸಿಕ್ಕಿತು ಎಂದೆ.

ಫೋಟೋಗಳಿಗೆ ಹೊಸ ಜಾಗದ ಪ್ರಶ್ನೆಯನ್ನು ರಿಪೇರಿಯವರು ಬಗೆಹರಿಸಿದರು. "ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ಒಂದು ನಿಮ್ಮಲ್ಲಿ, ಒಂದು ನನ್ನ ಕಪಾಟಿನಲ್ಲಿ. ಯಾರ ಷರತ್ತೂ ಬೇಡ" ಎಂದರು. ಹಾಗೇ ಮಾಡಿದೆ. ಈಗ ಪ್ರತಿ ಕಣ್ಣಿನ ಪಕ್ಕದಲ್ಲೂ ನಂಬರು ಬರೆದ ಚೀಟಿಯಿಟ್ಟೇ ಫೋಟೋ ತೆಗೆಯುತ್ತೇನೆ. ಉಳಿದ ನೂರಾರು ಕಣ್ಣುಗಳ ಮಾಲೀಕರನ್ನು ಒಬ್ಬೊಬ್ಬರಾಗಿ ಹುಡುಕುವ ಕೆಲಸ ಇನ್ನೂ ನಡೆದಿದೆ.

ಫೋಟೋ ಸಿಕ್ಕಿತೆಂದು ಬಣ್ಣ ಸಿಗಲಿಲ್ಲ. ಹಿಸುಕಿ ಚಿಕ್ಕದು ಮಾಡಿದ ಚಿತ್ರದಲ್ಲಿ ಗೆರೆಗಳು ತಿಳಿಯುತ್ತಿದ್ದವು, ಕಂದು ಮಾತ್ರ ಕೊಚ್ಚೆ ನೀರಾಗಿತ್ತು. ನಾಲ್ಕು ಚಿತ್ರಗಳಲ್ಲಿ ನಾಲ್ಕು ಕಂದು. ನನ್ನ ಕೋಣೆಯ ಬೆಳಕನ್ನು ನಂಬುವಂತೆಯೂ ಇರಲಿಲ್ಲ. ಪಕ್ಕದ ಬಿಲ್ಡಿಂಗು ಕೆಡವಿ ಕಟ್ಟುತ್ತಿದ್ದಾರೆ, ಅದಕ್ಕೆ ಹೊದಿಸಿದ ಹಸಿರು ಬಲೆಯಿಂದ ಕಿಟಕಿಯ ಬೆಳಕೆಲ್ಲ ಹಸಿರು. ಹಾಗಾಗಿ ಮರುವಾರ ಬಣ್ಣದ ಡಬ್ಬಿಗಳನ್ನು ಹೊತ್ತುಕೊಂಡು ಮೂವರೂ ಟೆರೇಸಿಗೆ ಹೋದೆವು. ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಸಿ, ಬೆಳಿಗ್ಗೆ ಹನ್ನೊಂದರೊಳಗೆ ಮಾತ್ರ ಕೆಲಸ.

ನಾನು ಐದು ಬಿಲ್ಲೆಗಳಿಗೆ ಐದು ಕಂದು ಹಾಕಿದೆ. ಹುಡುಗಿಗೆ ಕಾಣುವುದಿಲ್ಲ, ತಾಯಿಗೆ ಗೊತ್ತಿಲ್ಲ. ಆದ್ದರಿಂದ ತಾಯಿ ಒಂದೊಂದನ್ನೇ ಬೆಳಕಿಗೆ ಹಿಡಿದು ಅದು ಯಾವುದರ ಹಾಗಿದೆ ಎಂದು ಮಗಳಿಗೆ ಹೇಳಬೇಕು, ಮಗಳು ತೀರ್ಮಾನಿಸಬೇಕು.

"ಇದು ಹೊಸಾ ಹುಣಸಿಹಣ್ಣ ಐತವ್ವಾ."

"ನೈ. ಅಷ್ಟು ಕೆಂಪ ಇಲ್ಲ."

"ಇದು ವರ್ಷ ಇಟ್ಟ ಹುಣಸಿಹಣ್ಣ, ಕಪ್ಪಾಗಿರ್ತೈತಲ್ಲ."

"ಅದು ಜ್ಯಾದಾ ಆತು."

"ಇದು ಖಜೂರದಂಗ ಐತಿ."

ಹುಡುಗಿ ಮುಖ ಎತ್ತಿದಳು. "ಖಜೂರ್ ಹೊರಗಿಂದಾ, ಒಳಗಿಂದಾ? ಮುರಿದ್ರ ಒಳಗ ಕಾಣ್ತದಲ್ಲ?"

ತಾಯಿ ಬಿಲ್ಲೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಹೊರಗಿಂದs ಐತಿ."

"ಒಳಗಿನದು ಬೇಕು."

ನಾನು ಸ್ವಲ್ಪ ಹಳದಿ ಬೆರೆಸಿದೆ. ತಾಯಿ ನೋಡಿ "ಈಗ ಒಳಗಿಂದು" ಎಂದರು. ಹೀಗೆ ಮೂರು ಬೆಳಗು. ಉಂಗುರದ ಒಳಗಿನ ತಿಳಿ ಬಣ್ಣಕ್ಕೆ ಹುರಿದ ಶೇಂಗಾದ ಸಿಪ್ಪೆ, ಚುಕ್ಕಿಗೆ ಹೊತ್ತಿದ ರೊಟ್ಟಿಯ ಕಲೆ. ಎರಡನೇ ದಿನದ ಹೊತ್ತಿಗೆ ತಾಯಿ ಎಷ್ಟು ಹುಷಾರಾದರೆಂದರೆ, ನಾನು ಹಾಕಿದ ಬಣ್ಣ ಒಣಗುವ ಮುಂಚೆಯೇ "ಅಕ್ಕಾರ, ಇದು ಎಣ್ಣಿ ಕುಡದಂಗ ಆತ್ರಿ" ಎಂದು ತಿದ್ದುತ್ತಿದ್ದರು. ಬಲಗಣ್ಣು ತಯಾರಾಯಿತು. ಹೊಳಪು ಕೊಟ್ಟು ಅವಳಿಗೆ ಹಾಕಿದಾಗ ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. "ಇದs ರೀ. ಇದs ಇತ್ತು. ನೋಡಿದ ಮ್ಯಾಲೆ ಗೊತ್ತಾತು" ಎಂದರು.

ನನಗೂ ಎದೆಯ ಭಾರ ಇಳಿದಿತ್ತು. ಎಡಗಣ್ಣು ಇನ್ನು ಸುಲಭ. ಬಲಗಣ್ಣಿನ ಬಣ್ಣವನ್ನೇ ತಟ್ಟೆಯಲ್ಲಿ ಉಳಿಸಿಕೊಂಡಿದ್ದೆ, ಅದನ್ನೇ ತಿರುಗಿಸಿ ಬರೆದರೆ ಮುಗಿಯಿತು. ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು, "ಈ ಸಲ ಎರಡೂ ಒಂದೇ ಕೈಯಲ್ಲಿ, ಒಂದೇ ಬಣ್ಣದಲ್ಲಿ. ಒಂದಕ್ಕೊಂದು ಅಚ್ಚು" ಎಂದು ಸಂಭ್ರಮದಿಂದ ಹೇಳಿದೆ.

"ಆಂಟಿ, ಎರಡೂ ಸೇಮ್ ಬ್ಯಾಡ್ರಿ" ಎಂದಳು ಹುಡುಗಿ.

ನನಗೆ ಅರ್ಥವಾಗಲಿಲ್ಲ. ಅವಳು ಹೇಳಲೋ ಬೇಡವೋ ಎಂಬಂತೆ ಕೋಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಎಡಗಣ್ಣು ಸ್ವಲ್ಪ ಕೆಂಪ ಇತ್ತು. ಮೊದಲಿಂದ. ನಾಲ್ಕೂ ಸಲ."

ಮೇಲೆ ಹಾಕುವ ತಿಳಿ ಅಕ್ರಿಲಿಕ್ ಗಟ್ಟಿಯಾಗುವಾಗ ಕೆಳಗಿನ ಕೆಂಪನ್ನು ಒಂದು ಕೂದಲೆಳೆ ಎಬ್ಬಿಸುತ್ತದೆ. ಅದು ನನಗೆ ಗೊತ್ತು, ಲೆಕ್ಕ ಹಿಡಿದೇ ಬಣ್ಣ ಹಾಕುತ್ತೇನೆ. ಲೆಕ್ಕ ತಪ್ಪಿತ್ತು ಎಂದು ಯಾವ ತಾಯಿಯೂ, ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

"ಯಾಕೆ ಹೇಳಲಿಲ್ಲ ನೀನು?"

"ನೀವು ಎಷ್ಟು ಮೆಹನತ್ ಮಾಡ್ತಿದ್ರಿ. ಅಮ್ಮ ಖುಷ್ ಆಗ್ತಿದ್ಲು. ಹೆಂಗ ಹೇಳೋದು?" ಬೆರಳಿನ ದಾರ ಬಿಚ್ಚಿಕೊಂಡು ಮುಂದುವರಿಸಿದಳು. "ನಾ ಕನ್ನಡಿಯಾಗ ನೋಡಿದಾಗ ಒಂದು ಹಿಂಗ, ಒಂದು ಹಂಗ ಇರ್ತಿತ್ತು. ಅದs ನನ್ನ ಮಾರಿ. ಎರಡೂ ಸೇಮ್ ಆದ್ರ ಅದು ಬೇರೆ ಯಾರೋ."

ತಾಯಿ ಮಗಳನ್ನೂ ನನ್ನನ್ನೂ ನೋಡುತ್ತಾ ಕೂತಿದ್ದರು. ನನಗೆ ಸಿಟ್ಟು ಬಂದಿತ್ತು, ಅವಳ ಮೇಲೆ ಅಂತ ಹೇಳಲಾರೆ. ಹದಿನಾಲ್ಕು ವರ್ಷ ಅವಳು ದಿನವೂ ನೋಡಿ, ಸುಮ್ಮನೆ ಇಟ್ಟುಕೊಂಡಿದ್ದ ನನ್ನ ತಪ್ಪನ್ನು ಈಗ ನಾನೇ ನೋಡದೆ ಮತ್ತೆ ಬರೆಯಬೇಕಿತ್ತು. ಅದಕ್ಕೆ ಯಾವ ಫೋಟೋವೂ ಇರಲಿಲ್ಲ.

"ಎಷ್ಟು ಕೆಂಪು?" ಎಂದು ಕೇಳಿದೆ.

"ನಿಮಗ ಕಾಣಿಸಬಾರದು ಆಂಟಿ" ಎಂದಳು. "ನನಗಷ್ಟ ಕಾಣಿಸ್ತಿತ್ತು."

ನಾನು ಕೆಂಪಿನ ಡಬ್ಬಿ ತೆರೆದು, ಒಣ ಕುಂಚದ ತುದಿಯನ್ನು ಅದಕ್ಕೆ ತಾಗಿಸಿದೆ.